ಅಳಿಯಂದಿರು ಆರಿಸಿದ ಸಾಫ್ಟ್‌ವೇರ್

ಅದು ಮುಚ್ಚಳ ಮಾಡುವ ಕಾರ್ಖಾನೆ. ಬಾಟಲಿಯಲ್ಲ, ಡಬ್ಬಿಯಲ್ಲ, ಬರೀ ಮುಚ್ಚಳ. ಮೂವತ್ತೆಂಟು ಮಿಲಿಮೀಟರ್ ಅಳತೆಯದು, ಐವತ್ತಮೂರರದು, ಅರವತ್ತಮೂರರದು. ಬಿಳಿ, ಹಸಿರು, ಚಿನ್ನದ ಬಣ್ಣ. ತಗಡಿನ ಹಾಳೆ ಒಂದು ಕಡೆಯಿಂದ ಒಳಗೆ ಹೋಗಿ ಮುಚ್ಚಳವಾಗಿ ಇನ್ನೊಂದು ಕಡೆಯಿಂದ ಹೊರಗೆ ಬರುತ್ತಿತ್ತು. ನಡುವೆ ನಾಲ್ಕು ಪ್ರೆಸ್ ಮೆಶೀನು, ಅರವತ್ತು ಜನ ಕೆಲಸಗಾರರು, ಮತ್ತು ಒಂದೇ ಮನೆತನದವರು ತುಂಬಿಕೊಂಡಿದ್ದ ಒಂದು ಆಫೀಸು. ಮೆಶೀನುಗಳು ಯಾಕಿವೆ, ಕೆಲಸಗಾರರು ಯಾಕಿದ್ದಾರೆ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಆಫೀಸಿನ ವಿಷಯ ಅಷ್ಟು ಸುಲಭವಾಗಿರಲಿಲ್ಲ.

ಈ ಆಫೀಸಿನಲ್ಲಿ ಒಬ್ಬ ಅಳಿಯನಿದ್ದ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಅದು ಬಳಕೆ ತಪ್ಪಿ ಆರು ವರ್ಷವಾಗಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ತಗಡು ತರುವ ಲಾರಿ ಡ್ರೈವರ್‌ವರೆಗೆ ಎಲ್ಲರಿಗೂ ಅವನು "ಅಳಿಯಂದ್ರು." ಹೆತ್ತ ತಾಯಿಯೇ ಒಮ್ಮೆ ಫೋನಿನಲ್ಲಿ ಬಾಯಿ ತಪ್ಪಿ "ಅಳಿಯಂದ್ರೇ" ಎಂದು ಕರೆದು ನಾಲಿಗೆ ಕಚ್ಚಿಕೊಂಡಿದ್ದಳು.

ಅವನ ಮಾವ, ಅಂದರೆ ಕಾರ್ಖಾನೆ ಕಟ್ಟಿದ ಯಜಮಾನರು, ಎರಡು ಕಾನೂನು ಮಾಡಿದ್ದರು. ಮೊದಲನೆಯದು ಕುರ್ಚಿಯದು. ಮನೆತನದ ಒಂದೊಂದು ಸಂಸಾರಕ್ಕೂ ಆಫೀಸಿನಲ್ಲಿ ಒಂದೇ ಒಂದು ಕುರ್ಚಿ; ಎರಡನೆಯದು ಕೇಳಿದರೆ ಜಗಳ, ಜಗಳವಾದರೆ ಪಾಲು, ಪಾಲಾದರೆ ಮುಚ್ಚಳವೂ ಇಲ್ಲ ಗಿಚ್ಚಳವೂ ಇಲ್ಲ. ಮಗಳು ಮದುವೆಗೆ ಮೊದಲು ನಾಲ್ಕು ವರ್ಷ ಆಫೀಸಿನಲ್ಲಿ ಕುಳಿತಿದ್ದಳು. ಮದುವೆಯಾದ ಮುಂದಿನ ಸೋಮವಾರ ಅದೇ ಕುರ್ಚಿಗೆ ಅಳಿಯ ಬಂದ. ಅದರ ಎತ್ತರ ಏರಿಸಿ ಇಳಿಸುವ ತಿರುಪು ಅವಳ ಅಳತೆಗೇ ತುಕ್ಕು ಹಿಡಿದು ನಿಂತುಬಿಟ್ಟಿತ್ತು. ಅವಳು ಕುಳ್ಳಿ, ಇವನು ಉದ್ದ. ಆರು ವರ್ಷದಿಂದ ಇವನ ಮೊಣಕಾಲು ಮೇಜಿನ ತಳಕ್ಕೆ ಬಡಿಯುತ್ತಲೇ ಇತ್ತು.

ಎರಡನೇ ಕಾನೂನು ಮೊಹರಿನದು. ಆರ್ಡರ್ ಬಂದರೆ ಒಂದು ಚೀಟಿ ಬರೆಯಬೇಕು; ಆ ಚೀಟಿ ಆಫೀಸಿನಲ್ಲೆಲ್ಲ ಸುತ್ತಬೇಕು; ಪ್ರತಿಯೊಬ್ಬರೂ ಅದರ ಮೇಲೆ ತಮ್ಮ ತಮ್ಮ ರಬ್ಬರ್ ಮೊಹರು ಒತ್ತಬೇಕು. ಹನ್ನೊಂದು ಜನರಿಗೆ ಹನ್ನೊಂದು ಮೊಹರು. ಎಲ್ಲದರ ಮೇಲೂ ಒಂದೇ ಮಾತು: "ನೋಡಿದೆ." "ಮಾಡಿ" ಎಂಬ ಮೊಹರನ್ನು ಇಷ್ಟು ವರ್ಷದಲ್ಲಿ ಯಾರೂ ಮಾಡಿಸಿರಲಿಲ್ಲ. ಆದರೂ ಮುಚ್ಚಳಗಳು ಹೇಗೋ ಸರಿಯಾದ ಹೊತ್ತಿಗೆ ಸರಿಯಾದ ಬಣ್ಣದಲ್ಲಿ ಹೊರಬೀಳುತ್ತಿದ್ದವು. ಹೇಗೆ ಎಂದು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಅಳಿಯನ ಮೇಜು ಮೆಟ್ಟಿಲ ಕೆಳಗಿತ್ತು. ಯಾರು ಮಹಡಿ ಹತ್ತಿದರೂ ಅವನ ಕಾಫಿಗೆ ಒಂದಿಷ್ಟು ಧೂಳು ಉದುರುತ್ತಿತ್ತು. ಅವನಿಗೆ ಬದುಕಿನಲ್ಲಿ ದೊಡ್ಡ ಆಸೆಗಳಿರಲಿಲ್ಲ. ಒಂದು ಬಾಗಿಲು ಬೇಕಿತ್ತು. ಒಳಗೆ ಹೋಗಿ ಮುಚ್ಚಿಕೊಳ್ಳಬಹುದಾದ, ಹೊರಗಿನವರು ತಟ್ಟಿ "ಬರಬಹುದಾ?" ಎಂದು ಕೇಳಬೇಕಾದ ಒಂದು ಬಾಗಿಲು. ಹಳೇ ಮ್ಯಾನೇಜರು ನಿವೃತ್ತನಾದ ಮೇಲೆ ಅಂಥದೊಂದು ಕೋಣೆ ಖಾಲಿ ಬಿದ್ದಿತ್ತು. ಅಳಿಯ ದಿನಕ್ಕೆರಡು ಸಲ ಅದರ ಮುಂದೆ ಸುಮ್ಮನೆ ಹಾದು ಬರುತ್ತಿದ್ದ.

ಒಂದು ಸೋಮವಾರ ಮಾವ ಅವನನ್ನು ಕರೆಸಿದರು. ಮಾವನ ಎದುರು ಕತ್ತಿಗೆ ಬಿಗಿಯಾಗಿ ಟೈ ಕಟ್ಟಿಕೊಂಡ ಒಬ್ಬ ಕುಳಿತು ಬೆವರುತ್ತಿದ್ದ.

"ಇವರು ಕಂಪನಿ ನಡೆಸೋ ಸಾಫ್ಟ್‌ವೇರ್ ಮಾರ್ತಾರಂತೆ," ಎಂದರು ಮಾವ. "ಇಷ್ಟು ದಿನ ಕಂಪನೀನ ನಾವು ನಡೆಸ್ತಾ ಇದ್ವಿ ಅಂದ್ಕೊಂಡಿದ್ದೆ. ಇರ್ಲಿ. ಮೂರು ಥರ ಇದೆಯಂತೆ. ಸಣ್ಣದು, ನಡುವಿಂದು, ದೊಡ್ಡದು. ಯಾವುದು ತಗೋಬೇಕು ಅನ್ನೋದು ನಿಮಗೆ ಬಿಟ್ಟಿದ್ದು, ಅಳಿಯಂದ್ರೇ. ಶುಕ್ರವಾರ ಹನ್ನೊಂದಕ್ಕೆ ಎಲ್ಲರ ಎದುರು ಹೇಳ್ಬೇಕು."

"ನಾನಾ, ಮಾವ?"

"ನೀವೇ. ಸರಿಯಾದ್ದು ಆರಿಸಿದ್ರೆ ಆ ಮ್ಯಾನೇಜರ್ ಕೋಣೆ ನಿಮ್ಮದು, ಬಾಗಿಲ ಸಮೇತ. ತಪ್ಪಿತೋ, ಗೋಡೌನಲ್ಲಿ ರಟ್ಟಿನ ಪೆಟ್ಟಿಗೆ ಎಣಿಸೋಕೆ ಒಬ್ಬರು ಬೇಕಾಗಿದ್ದಾರೆ."

ಮಾವ ಇವನನ್ನೇ ಹಿಡಿದದ್ದಕ್ಕೆ ಕಾರಣ ಸರಳವಾಗಿತ್ತು. ಮಿಕ್ಕವರೆಲ್ಲ ಆಗಲೇ ನುಣುಚಿಕೊಂಡಿದ್ದರು. ತಲೆ ಕೊಡಲು ಯಾರೂ ಇಲ್ಲದಾಗ ಅಳಿಯನ ತಲೆ ಇದ್ದೇ ಇತ್ತು.

ಟೈನವನು ಮೆಟ್ಟಿಲ ಕೆಳಗೆ ಬಂದು ವಿವರಿಸಿದ. ಸಣ್ಣ ಆವೃತ್ತಿಯಲ್ಲಿ ಒಬ್ಬರಿಗೆ ಮಾತ್ರ ಲಾಗಿನ್. ಮಿಕ್ಕವರು ಪರದೆಯ ಮೇಲೆ ಎಲ್ಲವನ್ನೂ ನೋಡಬಹುದು, ಏನನ್ನೂ ಮುಟ್ಟುವ ಹಾಗಿಲ್ಲ. ನಡುವಿನದರಲ್ಲಿ ಐದು ಲಾಗಿನ್. ದೊಡ್ಡದರಲ್ಲಿ ಎಷ್ಟು ಜನ ಬೇಕಾದರೂ ಸೇರಬಹುದು, ಒಬ್ಬರ ಮೇಲೊಬ್ಬರು ಒಪ್ಪಿಗೆ ಕೊಡುತ್ತಾ ಹೋಗಬಹುದು. "ಯಾವುದು ನಿಮಗೆ ಸರಿ ಅಂತ ಈ ಫಾರಂ ತುಂಬಿದ್ರೆ ತಾನಾಗೇ ಗೊತ್ತಾಗುತ್ತೆ ಸಾರ್," ಎಂದು ನಾಲ್ಕು ಪುಟದ ಫಾರಂ ಕೊಟ್ಟ. ಒಂದನೇ ಪುಟದಲ್ಲಿ ಪ್ರಶ್ನೆ: ನಿಮ್ಮ ಕಂಪನಿಯಲ್ಲಿ ನಿರ್ಧಾರ ಮಾಡುವವರು ಯಾರು ಯಾರು? ಮೂರನೇ ಪುಟದಲ್ಲಿ: ಒಂದು ನಿಜವಾದ ಆರ್ಡರಿನ ಹಿಂದೆ ಹೋಗಿ, ಯಾರು ಎಷ್ಟು ಹೊತ್ತಿಗೆ ಏನು ನಿರ್ಧಾರ ಮಾಡಿದರು ಎಂದು ಬರೆಯಿರಿ.

ಒಂದನೇ ಪುಟ ಅರ್ಧ ಗಂಟೆಯಲ್ಲಿ ತುಂಬಿಹೋಯಿತು. ಹೆಂಡತಿಯ ಅಣ್ಣ, ದೊಡ್ಡ ಭಾವ, ಫಾರಂ ಕಿತ್ತುಕೊಂಡು ತಾನೇ ಬರೆದ: "ಮೆಶೀನಿನ ಎಲ್ಲ ನಿರ್ಧಾರ." ಚಿಕ್ಕಮಾವ, ಅಂದರೆ ಮಾವನ ತಮ್ಮ, ಕನ್ನಡಕ ಏರಿಸಿಕೊಂಡು ಬರೆದರು: "ಬಣ್ಣ ಹಾಗೂ ಇತರ ಎಲ್ಲ ನಿರ್ಧಾರ." ಭಾಮೈದ, ಹೆಂಡತಿಯ ತಮ್ಮ, "ಭಾವ, ನಂದು ಅವರಿಗಿಂತ ಮೇಲಿನ ಸಾಲಲ್ಲಿ ಹಾಕಿ," ಎಂದು ಪೀಡಿಸಿದ. ಗುಣಮಟ್ಟ ನೋಡುವವನು, ಉಗ್ರಾಣದವನು, ಟೈಪಿಂಗಿನಾಕೆ, ಎಲ್ಲರೂ ನಿರ್ಧಾರ ಮಾಡುವವರೇ. ಕಾವಲುಗಾರನೂ ಬಿಡಲಿಲ್ಲ. "ಗೇಟು ತೆಗೀಬೇಕೋ ಬೇಡ್ವೋ ಅನ್ನೋದು ಯಾರ ನಿರ್ಧಾರ ಅಳಿಯಂದ್ರೇ? ನನ್ನ ಬರೀರಿ." ಕೊನೆಗೆ ಮಾವ ಫಾರಮ್ಮಿನ ಉದ್ದಕ್ಕೂ ಅಡ್ಡಗೆರೆ ಎಳೆದು "ಮೇಲಿನ ಎಲ್ಲದೂ ನನ್ನದೇ" ಎಂದು ಸಹಿ ಹಾಕಿದರು.

ಮೊಹರಿನವರು ಹನ್ನೊಂದು, ಕಾವಲುಗಾರ ಸೇರಿ ಹನ್ನೆರಡು ಲಾಗಿನ್. ದೊಡ್ಡದೇ ಬೇಕು. ಅಳಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದೊಡ್ಡದು ತಗೊಂಡರೆ ಯಾರಿಗೂ ಮುನಿಸಿಲ್ಲ, ಬಾಗಿಲು ಗ್ಯಾರಂಟಿ. ಬುಧವಾರ ಮೂರನೇ ಪುಟವೊಂದನ್ನು ಮುಗಿಸಿಬಿಟ್ಟರೆ ಆಯಿತು.

ಬುಧವಾರ ಬೆಳಿಗ್ಗೆ ಅರವತ್ತಮೂರರ ಹಸಿರು ಮುಚ್ಚಳ ಮೂವತ್ತು ಸಾವಿರ ಬೇಕೆಂದು ಒಂದು ಆರ್ಡರ್ ಬಂತು. ಅಳಿಯ ಚೀಟಿಯ ಬೆನ್ನು ಹತ್ತಿದ. ಓದುವ ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ. ಯಾರ ಕೈಯಲ್ಲಾದರೂ ಕಳಿಸು ಎನ್ನಲು ಹೆಂಡತಿಗೆ ಫೋನ್ ಮಾಡಿದ. ಲೈನ್ ಬಿಝಿ.

ಒಂಬತ್ತೂ ನಲವತ್ತಕ್ಕೆ ಚೀಟಿ ದೊಡ್ಡ ಭಾವನ ಮೇಜಿಗೆ ಹೋಯಿತು. ಭಾವ ಅದನ್ನು ನೋಡಿದ, ಹಣೆ ಉಜ್ಜಿಕೊಂಡ, "ಬಂದೆ ಇರಿ," ಎಂದು ಮಹಡಿ ಹತ್ತಿ ನೀರಿನ ಟ್ಯಾಂಕಿನ ಹಿಂದೆ ಮಾಯವಾದ. ಹತ್ತು ನಿಮಿಷದ ಮೇಲೆ ಇಳಿದು ಬಂದು ಅದೇನೋ ಪೆನ್ಸಿಲಿನಲ್ಲಿ ಗೀಚಿ ಮೊಹರು ಒತ್ತಿದ. ನೋಡಿದೆ. ಹತ್ತೂ ಹದಿನೈದಕ್ಕೆ ಚಿಕ್ಕಮಾವ ಚೀಟಿ ಹಿಡಿದು ತಗಡಿನ ಹಾಳೆಗಳ ರಾಶಿಯ ಹಿಂದಕ್ಕೆ ಹೋದರು, ಬಂದರು, ಒತ್ತಿದರು. ನೋಡಿದೆ. ಹನ್ನೊಂದಕ್ಕೆ ಮಾವ ಬಾಗಿಲು ಹಾಕಿಕೊಂಡರು, ತೆಗೆದರು, ಒತ್ತಿದರು. ಇಡೀ ಆಫೀಸಿಗೆ ಇದೇನು ಕಾಯಿಲೆಯೋ ಎಂದು ಅಳಿಯನಿಗೆ ಅನುಮಾನ ಶುರುವಾಯಿತು. ನಡುನಡುವೆ ಮನೆಗೆ ಫೋನ್ ಮಾಡುತ್ತಲೇ ಇದ್ದ. ಬಿಝಿ. ಬಿಝಿ. ಬಿಝಿ. ಅವಳ ಈ ಫೋನಿನ ಹುಚ್ಚಿನ ಮೇಲೆ ಅವನಿಗೆ ಆರು ವರ್ಷದ ಹಳೇ ಸಿಟ್ಟಿತ್ತು. ದಿನವಿಡೀ ಅದ್ಯಾರ ಹತ್ತಿರ ಹರಟುತ್ತಾಳೋ ದೇವರೇ ಬಲ್ಲ.

ಹನ್ನೆರಡೂ ಐದಕ್ಕೆ ಭಾಮೈದ ಚೀಟಿ ಜೇಬಿಗೆ ತುರುಕಿಕೊಂಡು ಅಂಗಳದಲ್ಲಿ ನಿಂತ ತನ್ನ ಕಾರಿನೊಳಗೆ ಹೋಗಿ ಕೂತ. ಗಾಜು ಏರಿಸಿದ್ದ, ಆದರೆ ಹಿಂದಿನ ಕಿಟಕಿ ನಾಲ್ಕು ಬೆರಳಗಲ ತೆರೆದಿತ್ತು. ಅಳಿಯ ಹೊತ್ತು ಬರೆದುಕೊಳ್ಳಲು ಹತ್ತಿರ ಹೋದ. ಕಾರು ಮಾತಾಡುತ್ತಿತ್ತು. ಅದೂ ಅವನ ಹೆಂಡತಿಯ ಗಂಟಲಿನಲ್ಲಿ.

"ಅರವತ್ತಮೂರರ ಅಚ್ಚು ಎರಡನೇ ಮೆಶೀನಿಗೆ ಏರಿಸ್ಬೇಡ ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ? ಅಂಚು ಹರಿದು ಬರುತ್ತೆ. ಮೂರಕ್ಕೆ ಹಾಕು. ಮೂವತ್ತೆಂಟರದ್ದು ಮುಂದಿನ ವಾರಕ್ಕೆ ತಳ್ಳು, ಅವರಿಗೆ ಬಾಟಲೀನೇ ಬಂದಿಲ್ಲ ಇನ್ನೂ, ಅವರ ಆಫೀಸಿನಾಕೆ ನೆನ್ನೆ ನಂಗೆ ಹೇಳಿದ್ಲು. ಅಚ್ಚು ಬದಲಾಯಿಸೋದು ಮಧ್ಯಾಹ್ನ ಊಟದ ಹೊತ್ತಲ್ಲಿ ಶುರು ಮಾಡಿಸು, ನಾಲ್ಕು ಗಂಟೆ ಬೇಕು. ನಾನು ಹೇಳ್ದೆ ಅಂತ ದೊಡ್ಡಣ್ಣನಿಗೆ ಹೇಳ್ಬೇಡ ಮತ್ತೆ. ನಿಮ್ಮ ಭಾವನಿಗಂತೂ ಹೇಳಲೇಬೇಡ. ಪಾಪ."

ಆ "ಪಾಪ" ಅಳಿಯನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಅವನು ಹಿಂದೆ ಸರಿದು ಮೆಟ್ಟಿಲ ಕೆಳಗೆ ಬಂದು ಕೂತ. ಮೊಣಕಾಲು ಮೇಜಿಗೆ ಬಡಿಯಿತು. ಫೋನ್ ತೆಗೆದು ತಾನು ಮನೆಗೆ ಕರೆ ಮಾಡಿದ ಹೊತ್ತುಗಳನ್ನೂ ಮೂರನೇ ಪುಟದ ಹೊತ್ತುಗಳನ್ನೂ ಕಣ್ಣು ಕಿರಿದು ಮಾಡಿ ಜೋಡಿಸಿ ನೋಡಿದ. ಟ್ಯಾಂಕಿನ ಹಿಂದೆ ಭಾವ, ಲೈನ್ ಬಿಝಿ. ತಗಡಿನ ಹಿಂದೆ ಚಿಕ್ಕಮಾವ, ಲೈನ್ ಬಿಝಿ. ಬಾಗಿಲ ಹಿಂದೆ ಮಾವ, ಲೈನ್ ಬಿಝಿ. ಅವನಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಆಮೇಲೆ, ಯಾಕೋ, ನಾಚಿಕೆಯಾಯಿತು.

ಸಂಜೆ ಮನೆಗೆ ಹೋದಾಗ ಅವಳು ಅವನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಫಾರಂ ತೆಗೆದು ಇಸ್ತ್ರಿ ಮೇಜಿನ ಮೇಲಿಟ್ಟ.

"ಎಷ್ಟು ದಿನದಿಂದ ನಡೀತಿದೆ ಇದು?"

ಅವಳು ಫಾರಂ ನೋಡಿದಳು, ಅವನ ಮುಖ ನೋಡಿದಳು, ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಮದುವೆ ಆದ ಮುಂದಿನ ಸೋಮವಾರದಿಂದ. ಮೊದಲು ಅಪ್ಪ ಫೋನ್ ಮಾಡಿದ್ರು. ಎರಡು ದಿನ ಬಿಟ್ಟು ದೊಡ್ಡಣ್ಣ. ಯಾರಿಗೂ ಹೇಳ್ಬೇಡ ಅಂತ ಎಲ್ಲರೂ ಆಣೆ ಹಾಕಿಸ್ಕೊಂಡ್ರು. ನಾನೇನ್ಮಾಡ್ಲಿ?"

"ನನಗಾದ್ರೂ ಹೇಳಬಾರದಿತ್ತಾ? ಆರು ವರ್ಷ ನಾನೊಬ್ಬ ಪೆದ್ದನ ಥರ..."

"ನೀವೇನು ಕಮ್ಮಿನಾ? ದಿನಾ ಬೆಳಿಗ್ಗೆ ಶೂ ಲೇಸು ಕಟ್ಕೊಳ್ತಾ ನನ್ನನ್ನ ಏನು ಕೇಳ್ತೀರಾ?"

ದಿನಾ ಬೆಳಿಗ್ಗೆ ಲೇಸು ಕಟ್ಟಿಕೊಳ್ಳುತ್ತಾ ಅವನು ಕೇಳುತ್ತಿದ್ದದ್ದು ಒಂದೇ ಮಾತು: ಇವತ್ತು ಮೊದಲು ಯಾವುದನ್ನ ಹಿಡೀಲಿ, ಹೇಳೇ? ಅದನ್ನು ಅವನು ಗಂಡಹೆಂಡಿರ ಮಾತುಕತೆ ಎಂದುಕೊಂಡಿದ್ದ. ಅವಳು ಅದನ್ನು ದಿನದ ಮೊದಲನೇ ಕರೆ ಎಂದು ಲೆಕ್ಕ ಹಿಡಿದಿದ್ದಳು.

ಅವಳು ಫಾರಂ ಎತ್ತಿಕೊಂಡು ನಾಲ್ಕೂ ಪುಟ ಓದಿದಳು. ಅಪ್ಪನ ಅಡ್ಡಗೆರೆ ನೋಡಿ ಮುಗುಳ್ನಕ್ಕಳು, ಕಾವಲುಗಾರನ ಸಾಲು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೂರು ಆವೃತ್ತಿಗಳ ಪಟ್ಟಿ ಬಂತು. ಅದನ್ನು ಮಾತ್ರ ಎರಡು ಸಲ ಓದಿದಳು. ಸಣ್ಣದರ ಸಾಲಿನ ಮೇಲೆ ಅವಳ ಬೆರಳು ಒಂದು ಗಳಿಗೆ ನಿಂತಿತು.

"ಕುರ್ಚಿ ಬಿಟ್ಟಾಗ ಬೇಜಾರಾಗಿತ್ತಾ?" ಅಂತ ಅವನು ಕೇಳಿದ. ಆರು ವರ್ಷದಲ್ಲಿ ಈ ಪ್ರಶ್ನೆ ಕೇಳಿದ್ದು ಇದೇ ಮೊದಲು.

"ಅಚ್ಚು ಬಡಿಯೋ ಸದ್ದಿದ್ಯಲ್ಲ, ಅದಿಲ್ಲದೆ ಮೊದಮೊದಲು ನಿದ್ದೇನೇ ಬರ್ತಿರಲಿಲ್ಲ," ಎಂದಳು ಅವಳು. ಒಂದು ಕಾಲರನ್ನು ಹಿಡಿದು ಜೋರಾಗಿ ತಿಕ್ಕಿದಳು. "ಬಿಡಿ ಅತ್ಲಾಗೆ. ನಿಮಗೆ ಬಾಗಿಲು ಬೇಕಲ್ಲ, ದೊಡ್ಡದೇ ತಗೊಳ್ಳಿ. ಎಲ್ಲರಿಗೂ ಖುಷಿಯಾಗುತ್ತೆ. ನಂಗೆ ಫೋನಿದೆ."

ಅವನಿಗೆ ಬಾಗಿಲು ಬೇಕೇಬೇಕಾಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗುರುವಾರ ಇಡೀ ದಿನ ಅವನು ಆ ಕೋಣೆಯ ಮುಂದೆ ಎರಡಲ್ಲ, ಎಂಟು ಸಲ ಓಡಾಡಿದ. ದೊಡ್ಡದಕ್ಕೊಂದು, ಸಣ್ಣದಕ್ಕೊಂದು ಎಂದು ಎರಡು ಫಾರಂ ತುಂಬಿ ಚೀಲದಲ್ಲಿಟ್ಟುಕೊಂಡ. ದೊಡ್ಡದರ ಫಾರಂ ಮೇಲಿತ್ತು.

ಶುಕ್ರವಾರ ಹನ್ನೊಂದಕ್ಕೆ ಎಲ್ಲರೂ ಮಾವನ ಕೋಣೆಯಲ್ಲಿ ಸೇರಿದರು. ಕುರ್ಚಿ ಸಾಲದೆ ಎಲ್ಲರೂ ತಮ್ಮ ತಮ್ಮದನ್ನು ತಾವೇ ಎಳೆದು ತಂದಿದ್ದರು. ಟೈನವನು ಮೂಲೆಯಲ್ಲಿ ಒಂದು ಪರದೆ ನಿಲ್ಲಿಸಿ ಬೆಳಗಿಸಿದ. ಅಳಿಯ ಗಂಟಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, "ಹನ್ನೆರಡು ಜನ ನಿರ್ಧಾರ ಮಾಡೋರಿದ್ದಾರೆ, ಹಾಗಾಗಿ..." ಎಂದು ಶುರು ಮಾಡಿದ. ಮಾವ ತಲೆದೂಗಿದರು. ಭಾವ ಕಾಲ ಮೇಲೆ ಕಾಲು ಹಾಕಿದ. ಬಾಗಿಲು ಇನ್ನೊಂದೇ ಮಾತಿನಷ್ಟು ದೂರದಲ್ಲಿತ್ತು.

"ತುಂಬಾ ಸಂತೋಷ ಸಾರ್," ಎಂದು ಟೈನವನು ಹಲ್ಲು ಬಿಟ್ಟ. "ದೊಡ್ಡ ಆವೃತ್ತಿ ಹೇಗೆ ಕೆಲಸ ಮಾಡುತ್ತೆ ಅಂತ ಈಗಲೇ ತೋರಿಸ್ತೀನಿ. ಒಂದು ಸಣ್ಣ ಉದಾಹರಣೆ ಕೊಡಿ ಸಾಕು. ನಾಳೆ ಬೆಳಿಗ್ಗೆ ಮೊದಲನೇ ಮೆಶೀನಿಗೆ ಯಾವ ಅಚ್ಚು ಏರುತ್ತೆ? ಯಾರು ಬೇಕಾದ್ರೂ ಹೇಳಿ."

ದೊಡ್ಡ ಭಾವ ಛಾವಣಿ ನೋಡಿದ. ಚಿಕ್ಕಮಾವ ಕನ್ನಡಕ ಒರೆಸಿದರು. ಆಮೇಲೆ ಭಾವ ಎದ್ದು, "ಒಂದು ನಿಮಿಷ, ಬಂದೆ," ಎಂದು ನೀರಿನ ಟ್ಯಾಂಕಿನ ಕಡೆ ಹೋದ. ಅವನ ಬೆನ್ನಿಗೇ ಚಿಕ್ಕಮಾವ ತಗಡಿನ ರಾಶಿಯ ಕಡೆ. ಭಾಮೈದ ಕಾರಿನ ಬೀಗದ ಕೈ ಹುಡುಕುತ್ತಾ ಓಡಿದ. ತಮ್ಮದೇ ಕೋಣೆಯಾದ್ದರಿಂದ ಮಾವ ಎಲ್ಲಿಗೆ ಹೋಗಬೇಕೆಂದು ತೋಚದೆ, ಎದ್ದು ನಿಂತು, ಪರದೆಯ ಹಿಂದೆ ಹೋಗಿ ನಿಂತರು. ಗುಣಮಟ್ಟದವನೂ ಉಗ್ರಾಣದವನೂ ಮಿಕ್ಕವರೂ ಇವರೆಲ್ಲ ಎದ್ದರೆಂದು ತಾವೂ ಎದ್ದು ಹೋಗಿ ಸುಮ್ಮನೆ ಹೊರಗೆ ನಿಂತರು.

ಕೋಣೆಯಲ್ಲಿ ಉಳಿದದ್ದು ಟೈನವನು, ಟೈಪಿಂಗಿನಾಕೆ, ಕಾವಲುಗಾರ ಮತ್ತು ಅಳಿಯ.

"ನಾನೇನಾದ್ರೂ ತಪ್ಪು ಕೇಳಿದ್ನಾ ಸಾರ್?" ಎಂದು ಟೈನವನು ಪಿಸುಗುಟ್ಟಿದ.

"ಇಲ್ಲಪ್ಪ," ಎಂದ ಅಳಿಯ. "ಈ ಕಂಪನೀಲಿ ಮೊದಲ ಸಲ ಯಾರೋ ಸರಿಯಾದ ಪ್ರಶ್ನೆ ಕೇಳಿದ್ರು."

ಪರದೆಯ ಹಿಂದಿನಿಂದ ಮಾವನ ಫೋನು "ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿತು. ಒಂದು ಸಲವಲ್ಲ, ಮೂರು ಸಲ. ಒಬ್ಬೊಬ್ಬರಾಗಿ ಎಲ್ಲರೂ ವಾಪಸು ಬಂದರು. ಮುಖ ಹುಳ್ಳಗಾಗಿತ್ತು. ಭಾಮೈದನ ಮುಖ ಮಾತ್ರ ಅರಳಿತ್ತು. ಅವನ ಬೆರಳು ಎಲ್ಲರಿಗಿಂತ ಚುರುಕು. "ಐವತ್ತಮೂರು!" ಎಂದು ಬಾಗಿಲಲ್ಲೇ ಕೂಗಿದ. "ಐವತ್ತಮೂರರ ಅಚ್ಚು. ಹಾಗಂತ ನಾನು ನಿರ್ಧಾರ ಮಾಡಿದ್ದೀನಿ."

ಅಳಿಯ ಚೀಲಕ್ಕೆ ಕೈ ಹಾಕಿದ. ಮೇಲಿದ್ದ ಫಾರಂ ಬಿಟ್ಟು ಕೆಳಗಿನದನ್ನು ಎಳೆದ. ಅವನು ಅಂಥ ಧೈರ್ಯಶಾಲಿಯೇನೂ ಅಲ್ಲ. ಆದರೆ ಆರು ವರ್ಷ "ಪಾಪ" ಎನ್ನಿಸಿಕೊಂಡು ಅವನಿಗೆ ಸಾಕಾಗಿತ್ತು.

ಮೂರನೇ ಪುಟವನ್ನು ಅವನು ಗಟ್ಟಿಯಾಗಿ ಓದಿದ. ಒಂಬತ್ತೂ ನಲವತ್ತು, ನೀರಿನ ಟ್ಯಾಂಕು. ಹತ್ತೂ ಹದಿನೈದು, ತಗಡಿನ ರಾಶಿ. ಹನ್ನೊಂದು, ಮಾವನ ಬಾಗಿಲು. ಹನ್ನೆರಡೂ ಐದು, ಕಾರು. ಒಂದೊಂದು ಸಾಲಿನ ಮುಂದೆಯೂ ಒಂದೇ ಫೋನ್ ನಂಬರು. ಎಲ್ಲಕ್ಕಿಂತ ಮೇಲೆ ಒಂದು ಸಾಲು ತನ್ನದೂ ಇತ್ತು. ಅದನ್ನೂ ಬಿಡದೆ ಓದಿದ. ಏಳೂವರೆ, ಶೂ ಲೇಸು.

ನೀನೂನಾ ಎಂದು ದೊಡ್ಡ ಭಾವ ತಮ್ಮನನ್ನು ನೋಡಿದ, ಆ ತಮ್ಮ ಚಿಕ್ಕಪ್ಪನನ್ನು ನೋಡಿದ, ಚಿಕ್ಕಪ್ಪ ಅಣ್ಣನನ್ನು ನೋಡಿದರು. ಪ್ರತಿಯೊಬ್ಬನಿಗೂ ತಾನೊಬ್ಬನೇ ಕಳ್ಳ ಎಂದು ಇಷ್ಟು ವರ್ಷ ನಂಬಿಕೆಯಿತ್ತು.

"ಸಣ್ಣದು ಸಾಕು, ಮಾವ," ಎಂದ ಅಳಿಯ. "ಒಂದೇ ಲಾಗಿನ್. ಅದು ಅವಳದು. ಉಳಿದ ನಾವೆಲ್ಲ ನೋಡಬಹುದಂತೆ, ಮುಟ್ಟೋ ಹಾಗಿಲ್ಲ. ಇಷ್ಟು ದಿನ ಮಾಡಿದ್ದೂ ಅದನ್ನೇ ಅಲ್ವಾ? ಮೊಹರಲ್ಲೂ ಅದೇ ಇದೆ."

ಕಾವಲುಗಾರ ಕಿಸಕ್ಕನೆ ನಕ್ಕು, ಕೆಮ್ಮಿದ ಹಾಗೆ ಮಾಡಿದ.

ಮಾವನ ಮುಖ ಕೆಂಪಾಯಿತು. ಅವರು ಬೈಯುತ್ತಾರೆಂದು ಎಲ್ಲರೂ ತಲೆ ತಗ್ಗಿಸಿದರು. ಅವರು ಬೈಯಲಿಲ್ಲ. ತಮ್ಮ ಕಾನೂನಿನ ಮರೆಗೆ ಹೋದರು. "ಆಗ್ಲಿ ಅಳಿಯಂದ್ರೇ, ಒಪ್ಪಿದೆ ಅಂತಾನೇ ಇಟ್ಕೊಳ್ಳಿ. ಅವಳು ಎಲ್ಲಿ ಕೂರ್ತಾಳೆ? ಒಂದು ಸಂಸಾರಕ್ಕೆ ಒಂದೇ ಕುರ್ಚಿ. ನಿಮ್ಮ ಸಂಸಾರದ ಕುರ್ಚೀಲಿ ನೀವಿದ್ದೀರಲ್ಲ."

ಅಳಿಯ ಎದ್ದು ನಿಂತ. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ಮಾವನ ಮೇಜಿನ ಮುಂದೆ ಇಟ್ಟ.

"ಇದು ಮೊದಲಿಂದಲೂ ಅವಳ ಎತ್ತರಕ್ಕೇ ಇದೆ, ಮಾವ," ಎಂದ. "ತಿರುಪು ತಿರುಗಿಸೋ ಕೆಲಸಾನೂ ಇಲ್ಲ."

ಮಾವ ಕುರ್ಚಿ ನೋಡಿದರು. ಮೊಹರನ್ನು ಹುಡುಕಿ ತೆಗೆದರು, ಅಭ್ಯಾಸಬಲದಿಂದ ಫಾರಮ್ಮಿನ ಮೇಲೆ ಒತ್ತಲು ಹೋದವರು ತಡೆದು, ಮೊಹರನ್ನು ಪಕ್ಕಕ್ಕಿಟ್ಟು ಪೆನ್ನು ತೆಗೆದುಕೊಂಡು ಬರೆದರು: ಮಾಡಿ. ಅಷ್ಟು ಬರೆಯುವಷ್ಟರಲ್ಲಿ ಅವರ ಕಣ್ಣು ತೇವವಾಗಿತ್ತು. ಧೂಳು ಎಂದರು. ಅದು ಮಹಡಿಯ ಕೋಣೆ, ಮೇಲೆ ಮೆಟ್ಟಿಲೇ ಇರಲಿಲ್ಲ.

ಸೋಮವಾರ ಅವಳು ಬಂದಳು. ಮ್ಯಾನೇಜರ್ ಕೋಣೆಗೆ ತನ್ನ ಕುರ್ಚಿ ಹಾಕಿಸಿಕೊಂಡಳು. ಮಾಡಿಸಿದ ಮೊದಲ ಕೆಲಸ, ಬಡಗಿಯನ್ನು ಕರೆದು ಆ ಕೋಣೆಯ ಬಾಗಿಲು ಬಿಚ್ಚಿಸಿದ್ದು. "ಕೇಳೋರು ಎಲ್ಲರ ಕಣ್ಣೆದುರೇ ಬಂದು ಕೇಳ್ಲಿ," ಎಂದಳು. ಹತ್ತು ಗಂಟೆಗೆ ಭಾವ, ಚಿಕ್ಕಮಾವ, ಭಾಮೈದ, ಅವರ ಹಿಂದೆ ಯಜಮಾನರು, ಚೀಟಿ ಹಿಡಿದು ಸಾಲಾಗಿ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಕುರ್ಚಿ ಕಳೆದುಕೊಂಡ ಅಳಿಯ ಗೋಡೌನಿನಲ್ಲಿ ಪೆಟ್ಟಿಗೆ ಎಣಿಸಲು ಹೋದ. ಸರಿಯಾದ್ದನ್ನೇ ಆರಿಸಿದ್ದರೂ ಹೋದ. ಅಲ್ಲಿ ಮೇಜಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಡಗಿ ಬಿಚ್ಚಿದ ಬಾಗಿಲನ್ನು ಬೆನ್ನ ಮೇಲೆ ಹೊತ್ತು ತಂದು ನಾಲ್ಕು ಪೆಟ್ಟಿಗೆಗಳ ಮೇಲೆ ಅಡ್ಡ ಹಾಸಿದ.

"ಅಮ್ಮಾವ್ರು ಕಳಿಸಿದ್ರು ಅಳಿಯಂದ್ರೇ. ನಿಮಗೆ ಬಾಗಿಲು ಬೇಕಿತ್ತಂತಲ್ಲ."

ಅಳಿಯ ಒಂದು ಪೆಟ್ಟಿಗೆ ಎಳೆದುಕೊಂಡು ಕೂತ. ಕಾಲು ಚಾಚಿ ನೋಡಿದ. ಮೊಣಕಾಲು ಎಲ್ಲಿಗೂ ಬಡಿಯಲಿಲ್ಲ. ಆಚೆ ಮೊದಲನೇ ಮೆಶೀನು ಐವತ್ತಮೂರರ ಅಚ್ಚನ್ನು ಬಡಿಯುತ್ತಿತ್ತು. ಅವನು ಬಾಗಿಲ ಮೇಲೆ ಊಟದ ಡಬ್ಬಿ ಇಟ್ಟು, ಹಿಡಿಯ ಪಕ್ಕದಲ್ಲಿ ಕಾಫಿ ಲೋಟಕ್ಕೆ ಜಾಗ ಮಾಡಿಕೊಂಡ.